ಮರ ಹತ್ತಿದ ಮಗ್ಗದ ಗಂಟು

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲೂ ಮಾವನ ಮನೆಯಲ್ಲೂ ಎಲ್ಲರೂ ಕನ್ನಡ ಆಡುತ್ತಾರೆ. ಓದಲು ಯಾರಿಗೂ ಬರುವುದಿಲ್ಲ. ಶಾಲೆ, ಸಂತೆ, ಕೆಲಸ ಎಲ್ಲ ತಮಿಳಿನಲ್ಲೇ ನಡೆದು, ನಮ್ಮಲ್ಲಿ ಕನ್ನಡ ಹೊಸಿಲು ದಾಟಿಲ್ಲ. ಹಾಸ್ಟೆಲ್‌ನಲ್ಲಿ ನನ್ನ ಕೋಣೆಯಲ್ಲಿದ್ದ ಚಾಮರಾಜನಗರದ ಹುಡುಗಿಯಿಂದ ನಾನು ಅಕ್ಷರ ಕಲಿತೆ. ಆಗ ಹೊತ್ತು ಹೋಗದೆ ಕಲಿತದ್ದು. ಈಗ ಅದರ ಅನುಕೂಲ ಗೊತ್ತಾಗಿದೆ. ಮಾವನ ವಿಷಯವನ್ನು ಮಾವನ ಮಾತಿನಲ್ಲೇ ಬರೆಯಬಹುದು, ಅವರು ಓದಲಾರರು.

ಮಾವ ಅಂದರೆ ಅಮ್ಮನ ತಮ್ಮ. ತಮಿಳುನಾಡಿನ ಕೊಯಮತ್ತೂರು ಕಡೆಯ ನೆಗಮಂನಲ್ಲಿ ನಮ್ಮದು ನೇಯುವ ಮನೆ. ಅಮ್ಮ ಇವತ್ತಿಗೂ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಹತ್ತಿ ಸೀರೆ ನೇಯುತ್ತಾಳೆ. ಮಾವ ಮದುವೆಗೆ ಮುಂಚೆಯೇ ಮಗ್ಗ ಬಿಟ್ಟು ಪಲ್ಲಡಂಗೆ ಹೋದರು. ಅಲ್ಲಿ ಪವರ್‌ಲೂಮ್ ಶೆಡ್‌ಗಳ ಮೇಲೆ, ಕೋಳಿ ಫಾರಂಗಳ ಮೇಲೆ ಬಾಗಿದ ಕೊಂಬೆ ಕಡಿಯುವ ಕೆಲಸ ಹಿಡಿದರು. ಮಗ್ಗ ನಿಂತುಹೋದ ನಮ್ಮವರೇ ಕೆಲವರು ಅವರ ಜೊತೆ ಸೇರಿದರು. ಈಗ ಅವರದೊಂದು ಗುಂಪು.

ಎಳೆ ಕಡಿದಾಗ ನೇಯುವವರು ಹಾಕುವ ಗಂಟೊಂದಿದೆ. ಒಂದು ತುದಿಯನ್ನು ಮಡಚಿ, ಇನ್ನೊಂದು ತುದಿಯನ್ನು ಆ ಮಡಿಕೆಯೊಳಗಿಂದ ತಂದು, ಹಿಂದಿನಿಂದ ಸುತ್ತಿಸಿ, ತನ್ನ ಅಡಿಗೇ ಸಿಕ್ಕಿಸಿ ಎಳೆಯುವುದು. ಅಮ್ಮ ಅದನ್ನು ಬೇರೆಲ್ಲೋ ನೋಡುತ್ತ, ಯಾರ ಜೊತೆಗೋ ಮಾತಾಡುತ್ತ ಹಾಕುತ್ತಾಳೆ. ಗಂಟು ಎಷ್ಟು ಸಣ್ಣದೆಂದರೆ ಮಗ್ಗದಲ್ಲಿ ಎಳೆಗಳು ಹಾಯುವ ಹಣಿಗೆಯ ಸಂದಿಯಲ್ಲಿ ತಡೆಯಿಲ್ಲದೆ ದಾಟುತ್ತದೆ. ಸೀರೆಯ ಮೇಲೆ ಬೆರಳಾಡಿಸಿ ಹುಡುಕಿದರೂ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಬರುವುದು ಈ ಗಂಟು. ಮಾವ ಅದನ್ನು ಮರಕ್ಕೆ ತೆಗೆದುಕೊಂಡು ಹೋದರು. ಹಗ್ಗ ಗಿಡ್ಡವಾದರೆ ಇನ್ನೊಂದು ಹಗ್ಗ, ನಡುವೆ ಮಗ್ಗದ ಗಂಟು. ಅವರ ಗುಂಪಿನಲ್ಲಿ ಬೇರೆ ಗಂಟು ಹಾಕಿದವನು ಕುಲ ಮರೆತವನು.

ನೂಲಿನಲ್ಲಿ ಅದು ಸರಿ. ನೂಲಿಗೆ ಜುಂಗಿದೆ, ಮಗ್ಗದ ಮೇಲೆ ಅದು ಸದಾ ಬಿಗಿಯಾಗಿರುತ್ತದೆ. ಮಾವನ ಹಗ್ಗ ನೈಲಾನಿನದು, ನುಣುಪು. ಭಾರ ಎಳೆಯುತ್ತಿರುವಷ್ಟು ಹೊತ್ತು ಆ ಗಂಟು ಹಿಡಿದುಕೊಂಡಿರುತ್ತದೆ. ಭಾರ ತೆಗೆದರೆ ಸಡಿಲವಾಗುತ್ತದೆ. ಸಡಿಲವಾದ ಮೇಲೆ ಮತ್ತೆ ಭಾರ ಬಿದ್ದರೆ ಜಾರುತ್ತದೆ.

ನಾನು ಓದಿದ್ದು ಅರಣ್ಯಶಾಸ್ತ್ರ. ಓದು ಮುಗಿದ ಮೇಲೆ ಕೊಯಮತ್ತೂರಿನಲ್ಲಿ, ಎತ್ತರದಲ್ಲಿ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಒಂದು ಸಣ್ಣ ಸಂಸ್ಥೆಗೆ ಸೇರಿದೆ. ಮರದ ಮೇಲೆ ಗಾಯಗೊಂಡವನನ್ನು ಇಳಿಸುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ತಿರುಪ್ಪೂರು ಕಡೆಯ ಬನಿಯನ್ ಕಂಪನಿಗಳು ಈಗ ಮರ ಕಡಿಯುವವರನ್ನು ಗೇಟಿನೊಳಗೆ ಬಿಡಬೇಕಾದರೆ, ಅದನ್ನು ಕಲಿತವರೊಬ್ಬರು ಜೊತೆಗಿರಬೇಕು ಎನ್ನುತ್ತವೆ. ಮಾವನಿಗೆ ನಾನು ಬೇಕಾದದ್ದು ಅಷ್ಟಕ್ಕೆ. ನಾನು ಅಲ್ಲಿರಬೇಕಿತ್ತು, ನನ್ನ ಮಾತು ಬೇಕಿರಲಿಲ್ಲ. ಅಮ್ಮ ಕೇಳಿಕೊಂಡಳೆಂದು ರಜೆಯ ದಿನಗಳಲ್ಲಿ ಹೋಗುತ್ತಿದ್ದೆ.

ಅಮ್ಮ ಕೇಳಿಕೊಳ್ಳುವುದಕ್ಕೂ ಹಿನ್ನೆಲೆಯಿತ್ತು. ವರಸೆಯ ಪ್ರಕಾರ ಮಾವನ ಮಗನಿಗೆ ನನ್ನನ್ನು ಕೊಡಬೇಕಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ನಾನು ಒಲ್ಲೆ ಅಂದೆ. ಕಾರಣ ಕೇಳಿದರು, ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಅಂದಿನಿಂದ ಆ ಮನೆಯಲ್ಲಿ ನಾನು ನೀರು ಕುಡಿದರೂ ಅದಕ್ಕೊಂದು ಅರ್ಥ. ಮಾವನ ಕೆಲಸಕ್ಕಾದರೂ ಹೋಗಿ ನಿಂತರೆ ತಮ್ಮನ ಮನಸ್ಸು ಸ್ವಲ್ಪ ತಿಳಿಯಾದೀತು ಎಂದು ಅಮ್ಮನ ಆಸೆ.

ಅವತ್ತು ಪಲ್ಲಡಂ ಹತ್ತಿರದ ಒಂದು ಕಂಪನಿಯ ಆವರಣದಲ್ಲಿ ಕೆಲಸ. ಹೊಲಿಗೆ ಶೆಡ್ಡಿನ ಪಕ್ಕ ದೊಡ್ಡ ಮಳೆಮರ. ಅದರ ಒಂದು ಭಾರಿ ಕೊಂಬೆ ಆಸ್ಬೆಸ್ಟಾಸ್ ಚಾವಣಿಯ ಮೇಲೆ ಚಾಚಿತ್ತು, ಅದನ್ನು ತೆಗೆಯಬೇಕಿತ್ತು. ಹತ್ತುವವನು ಮಾವನ ಮಗ.

ಕೆಲಸ ಶುರುವಾಗುವ ಮೊದಲೇ ನಾನು ನನ್ನ ಉದ್ದದ ಹಗ್ಗವನ್ನು ಬೇರೊಂದು ಕೊಂಬೆಯ ಮೇಲೆ ಹಾಯಿಸಿ ಇಳಿಬಿಟ್ಟೆ. ಮೇಲಿರುವವನಿಗೆ ಏನಾದರೂ ಆದರೆ ಹತ್ತಿಹೋಗುವ ದಾರಿ ಮೊದಲೇ ಇರಬೇಕು. ಆದ ಮೇಲೆ ಹುಡುಕಲು ಹೊತ್ತಿರುವುದಿಲ್ಲ.

"ಏನ್ ಕಣ್ಣು, ಬಟ್ಟೆ ಒಣಗಾಕಕ್ಕೆ ಹಗ್ಗ ಕಟ್ಟಿದ್ಯಾ?" ಅಂದರು ಮಾವ, ಮಗುವನ್ನು ಮುದ್ದಿಸುವ ದನಿಯಲ್ಲಿ. ಗುಂಪು ನಕ್ಕಿತು.

ಅವರು ಅಷ್ಟರಲ್ಲಿ ಎರಡು ಹಗ್ಗ ಸೇರಿಸಿ ಗಂಟು ಹಾಕುತ್ತಿದ್ದರು. ಮಗ ಎತ್ತರದ ಕವಲಿಗೆ ಹಗ್ಗ ಹಾಕಬೇಕು ಅಂದಿದ್ದ. ಒಂದು ಹಗ್ಗ ಅಲ್ಲಿಗೆ ಹೋಗಿ ನೆಲಕ್ಕೆ ಮರಳುವಷ್ಟು ಉದ್ದವಿರಲಿಲ್ಲ.

"ಮಾವ, ಆ ಗಂಟು ಬೇಡ. ಬೇರೆ ಗಂಟು ನಾನು ಹಾಕ್ಕೊಡ್ತೀನಿ."

"ನಿಮ್ಮಮ್ಮ ನೆಯ್ದ ಸೀರೆ ಉಟ್ಕೊಂಡೋರು ಯಾರಾದ್ರೂ ಗಂಟು ಬಿಚ್ಚೋಯ್ತು ಅಂತ ವಾಪಸ್ ಬಂದವ್ರಾ?"

"ಸೀರೆಲಿ ಆಳು ನೇತಾಡಲ್ಲ, ಮಾವ."

"ಪಡಿಪ್ಪು ಜಾಸ್ತಿ ಆದ್ರೆ ಹಿಂಗೇ. ನಾಲ್ಕಕ್ಷರ ಓದ್ಬುಟ್ಟು ಅಜ್ಜಿ ಕಲ್ಸಿದ್ದು ತಪ್ಪು ಅಂತಾರೆ."

ಮಾವನ ಮಗ ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುತ್ತ, ನನ್ನ ಕಡೆ ನೋಡದೆ ಅಂದ: "ಬಿಡಪ್ಪಾ. ನಾವು ಹಾಕೋ ಗಂಟು ಯಾವ್ದೂ ಅವ್ಳಿಗೆ ಹಿಡಿಸಲ್ಲ. ಇದೇನ್ ಪುದುಸಾ, ಹೊಸದಾ?"

ಈ ಸಲ ನಗು ಜೋರಾಗಿತ್ತು. ಹಾಗಾದರೆ ನಾನು ಹೊರಡುತ್ತೇನೆ ಅಂದೆ.

"ಹೋಗು," ಅಂದರು ಮಾವ. "ಗೇಟ್‌ನವ್ನು ನೀ ಒಳಗ್ ಬಂದಿದ್ದನ್ನ ನೋಡವ್ನೆ. ನಂಗಷ್ಟು ಸಾಕು."

ನಾನು ಹೋದರೆ ಹತ್ತುವವನಿಗೆ ಕೆಳಗೆ ಯಾರೂ ಇರುವುದಿಲ್ಲ. ಮಾವನಿಗೂ ಅದು ಗೊತ್ತಿತ್ತು, ನಾನು ಹೋಗುವುದಿಲ್ಲ ಅನ್ನುವುದೂ ಗೊತ್ತಿತ್ತು. ನಿಂತೆ.

ಅವನು ಹತ್ತುವುದನ್ನು ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗುತ್ತದೆ, ನನಗೂ ಆಗುತ್ತದೆ. ಸೊಂಟದಿಂದ ಹೊರಟ ಹಗ್ಗ ಮೇಲಿನ ಕವಲನ್ನು ದಾಟಿ ಇಳಿದು ಬಂದು ಮರದ ಬುಡಕ್ಕೆ ಸುತ್ತಿತ್ತು. ಬುಡದಲ್ಲಿ ಮಾವ ಅದನ್ನು ಬೇಕಾದಂತೆ ಬಿಗಿಗೊಳಿಸುತ್ತ, ಸಡಿಲಿಸುತ್ತ ನಿಂತಿದ್ದರು. ಗಂಟು ಕವಲಿನ ಸ್ವಲ್ಪ ಕೆಳಗೆ, ಮಾವನ ಕಡೆಗಿನ ಹಗ್ಗದಲ್ಲಿತ್ತು. ಕೊಂಬೆಗೆ ಬೇರೊಂದು ಹಗ್ಗ ಕಟ್ಟಿ ಗರಗಸ ಶುರುಮಾಡಿದ. ಕೊಂಬೆ ಪೂರ್ತಿ ಕಡಿಯುವ ಮೊದಲೇ ಉದ್ದಕ್ಕೆ ಸೀಳಿತು. ಸೀಳಿದ ಭಾಗ ತನ್ನ ಹಗ್ಗದಲ್ಲೇ ಬೀಸಿಕೊಂಡು ಬಂದು ಅವನ ಎಡಭುಜಕ್ಕೆ ಬಡಿಯಿತು. ಗರಗಸ ಕೆಳಗೆ ಬಿತ್ತು. ಅವನ ಕಾಲು ಜಾರಿ, ಅವನು ಹಗ್ಗದಲ್ಲಿ ನೇತಾಡಿದ.

ಮಾವ ಒಡನೆಯೇ ಬುಡದ ಹಗ್ಗ ಸಡಿಲಿಸಿದರು. ಅವನು ಸ್ವಲ್ಪ ಇಳಿದ. ಅವನು ಇಳಿದಷ್ಟೂ ಗಂಟು ಮೇಲೇರಿ, ಕವಲಿನ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಅಲ್ಲಿಗೆ ನಿಂತುಹೋಯಿತು. ಅವನು ಶೆಡ್ಡಿನ ಅಂಚಿಗಿಂತ ಮೇಲೆ, ಯಾವ ಕೊಂಬೆಗೂ ಕಾಲು ಎಟುಕದೆ, ಎಡಗೈ ಸತ್ತಂತೆ ಜೋತುಬಿಟ್ಟು ತೂಗುತ್ತಿದ್ದ.

"ಏಣಿ ತನ್ರೋ!" ಮಾವ ಕೂಗಿದರು. "ಕೆಳಗಿಂದ ಹೆಗಲ್ ಕೊಟ್ಟು ಎತ್ರೋ! ಎತ್ತಿದ್ರೆ ಗಂಟು ಬಿಡಿಸ್ಕೊಳ್ಳುತ್ತೆ!"

ಅವರು ಹೇಳಿದ್ದು ನಿಜ. ಎತ್ತಿದರೆ ಕವಲಿನಿಂದ ಗಂಟು ಬಿಡಿಸಿಕೊಳ್ಳುತ್ತಿತ್ತು. ಭಾರ ತಪ್ಪಿ ಸಡಿಲವಾಗುತ್ತಿತ್ತು. ಎತ್ತಿದವರ ಹೆಗಲು ಸೋತು ಅವನು ಮತ್ತೆ ಹಗ್ಗಕ್ಕೆ ಬಿದ್ದಾಗ, ಎರಡು ಹಗ್ಗಗಳು ಬೇರೆಬೇರೆಯಾಗುತ್ತಿದ್ದವು. ಆ ಹೊತ್ತಿನಲ್ಲಿ ಅವನನ್ನು ಉಳಿಸಿಕೊಂಡಿದ್ದದ್ದು ಅವನ ಭಾರವೇ.

"ಎತ್ತಬೇಡಿ! ಭಾರ ಇರೋ ತನಕ ಗಂಟು ಹಿಡ್ಕೊಂಡಿರುತ್ತೆ. ಎತ್ತಿದ್ರೆ ಬಿಡುತ್ತೆ!"

ಯಾರೂ ಕೇಳಲಿಲ್ಲ. ಬಿದಿರಿನ ಏಣಿ ಬಂತು, ಮರಕ್ಕೆ ಒರಗಿತು, ಗುಂಪಿನವನೊಬ್ಬ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಏಣಿಯನ್ನು ಕಿತ್ತು ನೆಲಕ್ಕೆ ಬೀಳಿಸಿದೆ.

ಶೆಡ್ಡಿನಿಂದ ಹೊಲಿಗೆಯವರು ಹೊರಗೆ ಬಂದಿದ್ದರು, ಅವರ ಕೈಯಲ್ಲಿ ಫೋನುಗಳಿದ್ದವು. "ಅಂದ ಪೊಣ್ಣು ಏಣಿಯ ತಳ್ಳಿ ವಿಟ್ಟುಚ್ಚು," ಆ ಹುಡುಗಿ ಏಣಿ ತಳ್ಳಿಬಿಟ್ಟಳು ಎಂದು ಹೆಂಗಸೊಬ್ಬಳು ತಮಿಳಿನಲ್ಲಿ ಅಂದಳು. ಆಮೇಲೆ ಮಾವನ ದನಿ.

"ಸಾಯ್ಲಿ ಅಂತ ನಿಂತವ್ಳೆ! ಒಲ್ಲೆ ಅಂದೋಳು, ಸಾಯ್ಲಿ ಅಂತ ನೋಡ್ತಾ ನಿಂತವ್ಳೆ!"

ನಾನು ನನ್ನ ಸೊಂಟದ ಪಟ್ಟಿಯ ಕೊಂಡಿಯನ್ನು ನನ್ನ ಹಗ್ಗಕ್ಕೆ ಸಿಕ್ಕಿಸಿ ಹತ್ತಿದೆ. ಬೆನ್ನ ಹಿಂದೆ ಮತ್ತೆ ಏಣಿ ಎತ್ತುತ್ತಾರೋ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ. ಇಬ್ಬರು ಶೆಡ್ಡಿನ ಚಾವಣಿಗೆ ಹತ್ತಲು ಹೊರಟರು. ಶೀಟು ಒಬ್ಬನ ಕಾಲಡಿ ಚಟ್ಟೆಂದು ಬಿರಿಯಿತು, ಅವನು ಬೈಯುತ್ತ ಹಿಂದೆ ಸರಿದ. ಅದು ಬಿರಿದದ್ದು ಒಳ್ಳೆಯದಾಯಿತು.

ಹತ್ತಿರ ಹೋದಾಗ ಮಾವನ ಮಗನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಎಚ್ಚರವಿತ್ತು.

"ಬಂದ್ಯಾ," ಅಂದ. "ನೋಡಕ್ಕೆ."

"ಕಾಲಾಡ್ಸು."

"ಆಗಲ್ಲ."

"ಬೆರಳು ಆಡ್ಸು. ಆಗುತ್ತೆ."

ಸೊಂಟದ ಪಟ್ಟಿಯಲ್ಲಿ ನೆಟ್ಟಗೆ ಜೋತುಬಿದ್ದವನಿಗೆ ಗಾಯವೊಂದೇ ಅಪಾಯವಲ್ಲ. ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ತಲೆ ತಿರುಗಿ, ಎಚ್ಚರ ತಪ್ಪಿ, ಬರೀ ನೇತಾಡಿದ್ದರಿಂದಲೇ ಮನುಷ್ಯ ಸಾಯಬಹುದು. ಅವನ ಮಂಡಿಗಳ ಹಿಂದೆ ಒಂದು ಅಗಲ ಪಟ್ಟಿ ಹಾಯಿಸಿ, ಕುರ್ಚಿಯಲ್ಲಿ ಕೂತಂತೆ ಕಾಲು ಮೇಲೆ ಬರುವ ಹಾಗೆ ನನ್ನ ಕೊಂಡಿಗೆ ಕಟ್ಟಿದೆ. ಅದಕ್ಕೂ ಅವನನ್ನು ಎತ್ತಲಿಲ್ಲ, ಕಾಲಷ್ಟೇ ಎತ್ತಿದೆ. ಅವನು ಹಲ್ಲು ಕಚ್ಚಿಕೊಂಡು ತಲೆಯ ಮೇಲೆ ನೋಡುತ್ತಿದ್ದ. ಗಂಟು ಕವಲಿನಲ್ಲಿ ಅಡ್ಡ ಕೂತಿತ್ತು. ಅವನು ತೂಗಿದಾಗಲೆಲ್ಲ ಅದರ ಒಂದು ಬಾಲ ಚೂರು ಚೂರೇ ಒಳಗೆ ಸರಿಯುತ್ತಿತ್ತು.

"ಅದನ್ನ ನೋಡ್ಬೇಡ. ನನ್ನ ನೋಡು."

"ನಿನ್ ನೋಡಕಾಗ್ದೆ ತಾನೆ ಅದನ್ನ ನೋಡ್ತಿರದು."

ಗಿಡ್ಡ ಪಟ್ಟಿಯೊಂದರಿಂದ ಅವನ ಸೊಂಟವನ್ನು ನನ್ನ ಹಗ್ಗದ ಕೊಂಡಿಗೆ ಆದಷ್ಟು ಬಿಗಿಯಾಗಿ ಸೇರಿಸಿದೆ. ಇಬ್ಬರ ಭಾರ ಹೊರುವಂಥ ಕೊಂಡಿ ಅದು. ಎರಡು ಸಲ ಎಳೆದು ನೋಡಿದೆ. ಇನ್ನು ಉಳಿದದ್ದು ಅವನನ್ನು ಅವನ ಹಗ್ಗದಿಂದ ಬಿಡಿಸುವುದು. ಭಾರ ಬಿದ್ದ ಹಗ್ಗವನ್ನು ಕೈಯಲ್ಲಿ ಬಿಚ್ಚಲಾಗುವುದಿಲ್ಲ. ಚಾಕು ತೆಗೆದೆ.

"ಮಾವ, ಹಗ್ಗ ಕತ್ತರಿಸ್ತೀನಿ. ಅವನನ್ನ ನನ್ ಹಗ್ಗಕ್ಕೆ ಕಟ್ಟಿದೀನಿ."

"ಕತ್ರಿಸಿದ್ಯೋ, ನಿನ್ ಕೈ ಕತ್ರಿಸ್ತೀನಿ!" ಕೆಳಗಿನಿಂದ ಬಂದದ್ದು ಕೂಗಲ್ಲ, ಚೀರು. "ಬ್ಯಾಡಾ! ಮಗಾ, ಬ್ಯಾಡ ಅನ್ನೋ ಅವ್ಳಿಗೆ!"

ಅವನು ನನ್ನ ಕೈಯಲ್ಲಿದ್ದ ಚಾಕು ನೋಡಿದ, ಕೊಂಡಿ ನೋಡಿದ. ಅವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಅದನ್ನು ಅವನು ಮರೆಮಾಚಲೂ ಇಲ್ಲ.

"ಇದು ತಡೆಯುತ್ತಾ?"

"ತಡೆಯುತ್ತೆ."

"ತಡೀದೆ ಹೋದ್ರೆ?"

"ನಾನೂ ಇದಕ್ಕೇ ಕಟ್ಕೊಂಡಿದೀನಿ."

ಅವನು ಕಣ್ಣು ಮುಚ್ಚಿದ. "ಕತ್ರಿಸು."

ನನ್ನ ಹಗ್ಗಕ್ಕೆ ತಾಗದಂತೆ ಚಾಕುವಿನ ಬಾಯಿ ಆಚೆಗೆ ತಿರುಗಿಸಿ ಅವನ ಹಗ್ಗ ಕೊಯ್ದೆ. ಬಿಗಿಯಾದ ಹಗ್ಗ ಒತ್ತುವ ಮೊದಲೇ ಹರಿಯುತ್ತದೆ. ಅವನು ಅಂಗೈಯಗಲ ಕುಸಿದು ನನ್ನ ಮೇಲೆ ಬಿದ್ದ, ಬಾಯಿಂದ ಪ್ರಾಣಿಯಂಥ ಸದ್ದೊಂದು ಬಂತು. ನನ್ನ ಸೊಂಟದ ಪಟ್ಟಿ ಎಲುಬಿಗೆ ಇಳಿಯಿತು. ಹಗ್ಗ ತಡೆಯಿತು. ಕೆಳಗೆ ಯಾರೋ ಅಳುತ್ತಿದ್ದರು. ಮಾವನಿರಬೇಕು. ನಾನು ನೋಡಲಿಲ್ಲ. ನಿಧಾನವಾಗಿ ಇಬ್ಬರೂ ಇಳಿದೆವು.

ನೆಲ ತಾಗಿದ ಮೇಲೂ ಮುಗಿಯಲಿಲ್ಲ. ಅವನನ್ನು ಎತ್ತಿ ಕೂರಿಸಬೇಕೆಂದು ಎಲ್ಲರ ಕೈಗಳೂ ಬಂದವು. ಒಬ್ಬ ಸೋಡಾ ಬಾಟಲಿ ಹಿಡಿದು ನಿಂತಿದ್ದ. ನಾನು ಗಾಯಗೊಂಡವನನ್ನು ಅಂಗಾತ ಮಲಗಿಸಿ, ಅವನ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಕೂತೆ. ಅಲುಗಿಸಬೇಡಿ, ಕುಡಿಸಬೇಡಿ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಹೇಳಿದೆ. ಆಂಬುಲೆನ್ಸ್ ಬರುವವರೆಗೆ ಅದನ್ನೇ ಹೇಳುತ್ತಿದ್ದೆ. ಮಾವ ಒಮ್ಮೆ ನನ್ನ ಮಣಿಕಟ್ಟು ಹಿಡಿದು ಕಿತ್ತುಹಾಕಲು ನೋಡಿದರು. ನಾನು ಬಿಡಲಿಲ್ಲ. ಆ ಗುರುತು ಕೆಲವು ದಿನ ಇತ್ತು.

ಅವನನ್ನು ಒಯ್ದ ಮೇಲೆ ಗುಂಪಿನವರು ಬುಡದಿಂದ ಹಗ್ಗ ಜಗ್ಗಿದರು. ಕವಲಿನಿಂದ ಗಂಟು ಬಿಡಿಸಿಕೊಂಡು, ನಾನು ಕೊಯ್ದ ತುದಿಯ ಸಮೇತ ಕೆಳಗೆ ಬಿತ್ತು. ಗಂಟು ಇನ್ನೂ ಗಂಟಾಗಿಯೇ ಇತ್ತು, ಸಡಿಲವಾಗಿ, ಸುಂಡಿಲಿ ನುಗ್ಗುವಷ್ಟು ಬಾಯಿ ಬಿಟ್ಟುಕೊಂಡು. ಆಂಬುಲೆನ್ಸ್ ಹಿಂದೆ ಹೊರಡಲಿದ್ದ ಮಾವ ನಿಂತರು. ಅದನ್ನು ಎತ್ತಿಕೊಂಡು, ಎರಡೂ ಕಡೆ ಎಳೆದು ಬಿಗಿ ಮಾಡಿ, ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದರು.

"ನೋಡ್ಕೊಳ್ಳಿ. ನಮ್ ಗಂಟು ಬಿಚ್ಚಿಲ್ಲ. ಇವ್ಳೇ ಕತ್ರಿಸಿದ್ದು."

ಎಡಗಡೆಯ ಕಾಲರ್‌ಬೋನ್ ಮುರಿದಿತ್ತು, ಪಕ್ಕೆಲುಬುಗಳೂ. ಕಾಲಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯ ಹೊರಗೆ ಮಾವನ ಹೆಂಡತಿ, ನನ್ನ ಅತ್ತೆ, ನನ್ನನ್ನು ಒಳಗೆ ಬಿಡಲಿಲ್ಲ. "ಒಲ್ಲೆ ಅಂದಿದ್ದು ಸಾಲ್ದಾ ನಿಂಗೆ? ಏಣಿ ಬೇರೆ ತಳ್ತೀಯಾ?" ಅಂದಳು. ಫೋನಿನಲ್ಲಿ ತೆಗೆದದ್ದು ಅಷ್ಟರಲ್ಲಿ ನಮ್ಮ ನೆಂಟರ ಮನೆಗಳನ್ನೆಲ್ಲ ಸುತ್ತಿತ್ತು. ಅದರಲ್ಲಿ ಏಣಿ ಬೀಳುವುದು ಕಾಣುತ್ತದೆ, ಚಾಕು ಕಾಣುತ್ತದೆ. ಕವಲಿನಲ್ಲಿದ್ದ ಗಂಟು ಕಾಣುವುದಿಲ್ಲ, ಎಲೆ ಮರೆಯಾಗಿದೆ. ಸಿರುಮುಗೈಯ ದೊಡ್ಡಮ್ಮ ಅಮ್ಮನಿಗೆ ಫೋನು ಮಾಡಿ, ಕುಲದ ಗಂಟು ಹುಡುಗನನ್ನು ಕಾಪಾಡಿತು ಎಂದು ಸಂತೋಷಪಟ್ಟಳಂತೆ.

ಅಮ್ಮ ಮಗ್ಗದ ಮೇಲೆ ಕೂತೇ ಕೇಳಿದಳು: "ಗಂಟು ಹಿಡ್ಕೊಂಡೇ ಇತ್ತಂತಲ್ಲ?"

"ಇತ್ತು," ಅಂದೆ.

"ಮತ್ತೆ?"

ಹೇಳಿದೆ. ಭಾರದ ವಿಷಯ ಹೇಳಿದೆ. ಅವಳು ಒಂದು ಎಳೆ ಕಡಿದು, ಸೇರಿಸಿ, ಬೆರಳಲ್ಲಿ ಸಡಿಲ ಮಾಡಿ ನೋಡಿದಳು. ತಮ್ಮನ ವಿರುದ್ಧ ಅವಳು ಎಂದೂ ಏನೂ ಅಂದವಳಲ್ಲ.

ಕೆಲವು ವಾರ ಕಳೆದ ಮೇಲೆ ಕಂಪನಿಯವರು ಉಳಿದ ಕೊಂಬೆ ತೆಗೆಯಿರಿ ಎಂದು ಮಾವನಿಗೆ ಹೇಳಿಕಳಿಸಿದರು. ಗೇಟಿನ ನಿಯಮ ಬದಲಾಗಿರಲಿಲ್ಲ. ಮಾವ ಅಮ್ಮನ ಮೂಲಕ ನನಗೆ ಹೇಳಿಕಳಿಸಿದರು. ನಾನು ಹೋದದ್ದು ಅಮ್ಮನಿಗಾಗಿ ಅಲ್ಲ. ಆ ಗಂಟಿನ ಮೇಲೆ ಇನ್ನೊಬ್ಬ ಹತ್ತುತ್ತಾನೆ ಅನ್ನುವುದು ನನಗೆ ಗೊತ್ತಿತ್ತು.

ಹೋದಾಗ ಗಂಟು ಸಿದ್ಧವಾಗಿತ್ತು. ಮಗ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆರಳಲ್ಲಿ ಕೂತಿದ್ದ. ಹತ್ತಬೇಕಾದವನು ಅವನಿಗಿಂತ ದೊಡ್ಡವನು, ಎರಡು ಮಕ್ಕಳ ತಂದೆ. ಅವನು ನನ್ನನ್ನೂ ಮಾವನನ್ನೂ ನೋಡುತ್ತ ನಿಂತ. ನಾನು ಹೋಗಿ ಆ ಹಗ್ಗದ ಸುರುಳಿಯ ಮೇಲೆ ಕೂತೆ.

"ಏಳು," ಅಂದರು ಮಾವ.

"ಏಳಲ್ಲ."

"ಎಳ್ದಾಕ್ತೀನಿ ಪೊಣ್ಣೇ. ಅಕ್ಕನ್ ಮಗಳು ಅಂತ ನೋಡಲ್ಲ."

"ಎಳೀರಿ. ಎಲ್ಲರ ಹತ್ರಾನೂ ಫೋನಿದೆ."

ಅವರು ಎರಡು ಹೆಜ್ಜೆ ಬಂದರು. ಆಗ ಕುರ್ಚಿ ಸರಿದ ಸದ್ದಾಯಿತು. ಅವರ ಮಗ ಎದ್ದು ಬಂದು, ನಾನು ಕೂತಿದ್ದ ಸುರುಳಿಯಿಂದ ಗಂಟಿದ್ದ ಭಾಗವನ್ನು ಒಳ್ಳೆಯ ಕೈಯಿಂದ ಎಳೆದುಕೊಂಡ. ಗಂಟಿನ ಒಂದು ಮಗ್ಗುಲು ಹಿಡಿದು, ಮಗುವಿನ ಗಿಲಕಿ ಆಡಿಸುವಂತೆ ಮೇಲೆ ಕೆಳಗೆ ಆಡಿಸಿದ. ತುಸು ಹೊತ್ತು ಏನೂ ಆಗಲಿಲ್ಲ, ಗುಂಪಿನವನೊಬ್ಬ ನಕ್ಕ. ಅವನು ಆಡಿಸುತ್ತಲೇ ಇದ್ದ. ಬಾಲ ಒಳಗೆ ಸರಿಯಿತು. ಮಡಿಕೆ ಬಾಯಿ ಬಿಟ್ಟಿತು. ಒಂದು ಹಗ್ಗ ಅವನ ಕೈಯಲ್ಲಿ ಉಳಿಯಿತು, ಇನ್ನೊಂದು ನೆಲಕ್ಕೆ ಬಿತ್ತು.

"ಮೇಲೆ ನಾ ಇದನ್ನೇ ನೋಡ್ತಿದ್ದಿದ್ದು, ಅಪ್ಪಾ," ಅಂದ.

ನನ್ನ ಕಡೆ ತಿರುಗಿ, "ನಿಂಗೋಸ್ಕರ ಅಲ್ಲ," ಎಂದು ಹೇಳಿ ಹೋಗಿ ಕುರ್ಚಿಯಲ್ಲಿ ಕೂತ.

ಮಾವ ನ್ಯಾಯ ಹೇಳುವವರ ಹಾಗೆ ಆಕಾಶ ನೋಡಿದರು. ಆಮೇಲೆ ಹತ್ತುವವನಿಗೆ ನನ್ನ ಚೀಲ ತೋರಿಸಿ, "ಅದನ್ನ ಕಟ್ಕೊ," ಅಂದರು. ನನ್ನ ಹಗ್ಗ ನೆಲದಿಂದ ಕವಲಿಗೆ ಹೋಗಿ ಮತ್ತೆ ನೆಲ ಮುಟ್ಟುವಷ್ಟು ಉದ್ದ, ಗಂಟಿಲ್ಲ. ಅದನ್ನು ನಾನೇ ಕಟ್ಟಿಕೊಟ್ಟೆ. ಅವನು ಹತ್ತಿದ, ಕೊಂಬೆ ತೆಗೆದ, ಇಳಿದ. ಇಳಿಯುವವರೆಗೆ ನಾನು ಬುಡದಲ್ಲೇ ನಿಂತಿದ್ದೆ. ಚಹಾ ಬಂದಾಗ ನನ್ನನ್ನು ದಾಟಿಕೊಂಡು ಹೋಯಿತು.

ಹಗ್ಗ ಸುತ್ತಲು ಹೋದಾಗ ಮಾವ ಅದರ ಮೇಲೆ ಕಾಲಿಟ್ಟು ನಿಂತಿದ್ದರು.

"ನಾಳೆಯಿಂದ ಬರ್ಬೇಡ. ಸೂಲೂರ್ ಕಡೆ ಒಬ್ಬ ಅವ್ನೆ, ಅವನೂ ಇದನ್ನ ಪಡಿಚಿ ಕಲ್ತವ್ನೆ. ಅವನ್ನ ಕರ್ಕೊತೀನಿ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ."

"ಸರಿ, ಮಾವ."

"ಈ ಹಗ್ಗ ಇಲ್ಲೇ ಇರ್ಲಿ."

ಅದು ನನ್ನ ಸ್ವಂತದ ಹಗ್ಗ. ಕೇಳಬಹುದಿತ್ತು. ಮರದ ಕೆಳಗೆ ಅವರ ಎರಡು ಗಿಡ್ಡ ಹಗ್ಗಗಳು ಬಿದ್ದಿದ್ದವು. ನನ್ನದನ್ನು ಒಯ್ದರೆ ಅವು ಮತ್ತೆ ಒಂದಾಗುತ್ತಿದ್ದವು.

"ಹಗ್ಗ ತುಳೀಬಾರ್ದು," ಅಂದೆ. "ಒಳಗೆ ಮಣ್ಣು ಹೋದ್ರೆ ಎಳೆ ಕೊಯ್ಯುತ್ತೆ."

ಮಾವ ಕಾಲು ತೆಗೆದರು. ನಾನು ಖಾಲಿ ಚೀಲ ಮಡಚಿಕೊಂಡು ಗೇಟಿನ ಕಡೆ ನಡೆದೆ.